‘ಸ್ಪಿಲ್ ದ ಬೀನ್ಸ್’: ಎಲ್ಲಿ ಹೇಳಬೇಕು, ಹೇಗೆ ಹೇಳಬೇಕು

ಗುಟ್ಟಾಗಿ ಇಡಬೇಕಾದ ವಿಷಯವನ್ನು ಬಾಯಿಬಿಟ್ಟರೆ ಅದಕ್ಕೆ ಇಂಗ್ಲಿಷಿನಲ್ಲಿ ‘ಸ್ಪಿಲ್ ದ ಬೀನ್ಸ್’ ಅನ್ನುತ್ತಾರೆ, ಪದಶಃ ‘ಕಾಳು ಚೆಲ್ಲು’ ಅಂತ. ಮೂಡಿಗೆರೆ ಕಡೆಯ ಹೋಂಸ್ಟೇ ಒಂದರಲ್ಲಿ ಅತಿಥಿಯೊಬ್ಬರು ಹೆಂಡತಿಗೆ ಗೊತ್ತಾಗದ ಹಾಗೆ ಹುಟ್ಟುಹಬ್ಬದ ಕೇಕ್ ತರಿಸಿದ್ದಾರೆ ಅನ್ನಿ. ಅಡುಗೆಮನೆ ಹುಡುಗ ಕಾಫಿ ಕೊಡುತ್ತಾ ‘ಮೇಡಂ, ನಿಮ್ಮ ಕೇಕ್ ಬಂತು’ ಅಂದುಬಿಟ್ಟ. ‘ಹಿ ಸ್ಪಿಲ್ಡ್ ದ ಬೀನ್ಸ್.’ ಬಾಯಿತಪ್ಪಿ ಹೇಳಿದರೂ ಬೇಕಂತಲೇ ಹೇಳಿದರೂ ಇದೇ ಮಾತು ನಡೆಯುತ್ತದೆ. ಗುಟ್ಟು ಬಿಟ್ಟುಕೊಡುವುದಕ್ಕೇ ಇರುವ ಇನ್ನೊಂದು ಮಾತು ‘ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್’ ಮಾತ್ರ ಹೆಚ್ಚಾಗಿ ಬಾಯಿತಪ್ಪಿದ್ದಕ್ಕೆ.

ಹೇಳಿದ್ದು ಗುಟ್ಟಾಗಿರಬೇಕು, ನಿಜವೂ ಆಗಿರಬೇಕು. ಹಾಸನದ ಬಸ್ಸು ತಡ ಅಂತ ತಿಳಿಸಿದ್ದಕ್ಕೆ ಇದು ಹೊಂದುವುದಿಲ್ಲ, ಗಾಳಿಸುದ್ದಿ ಹಬ್ಬಿಸಿದ್ದಕ್ಕೂ ಹೊಂದುವುದಿಲ್ಲ.

ಎಡವಟ್ಟಾಗುವುದು ವಾಕ್ಯ ಕಟ್ಟುವಾಗ. ‘ದ’ ಬಿಡಬೇಡಿ, ‘ಬೀನ್ಸ್’ ಅನ್ನು ‘ಬೀನ್’ ಮಾಡಬೇಡಿ. ಕೇಳಿದವರು ನಿಜವಾದ ಕಾಳನ್ನೇ ನೆನೆಸಿಕೊಳ್ಳುತ್ತಾರೆ. ಯಾರಿಗೆ ಹೇಳಿದರು ಅನ್ನುವುದಕ್ಕೆ ‘ಟು’, ಯಾವುದರ ಬಗ್ಗೆ ಅನ್ನುವುದಕ್ಕೆ ‘ಅಬೌಟ್’ ಸೇರಿಸಿ: ‘ಶಿ ಸ್ಪಿಲ್ಡ್ ದ ಬೀನ್ಸ್ ಟು ಹರ್ ಮದರ್ ಅಬೌಟ್ ದ ಎಂಗೇಜ್‌ಮೆಂಟ್.’ ನಮ್ಮವರು ಇಲ್ಲಿ ‘ದಟ್’ ಹಾಕಿ ಎಳೆಯುತ್ತಾರೆ, ತಲೆಯೊಳಗೆ ಕನ್ನಡದ ‘ಅಂತ’ ಓಡುತ್ತಿರುತ್ತದಲ್ಲ, ಅದಕ್ಕೆ. ‘ದಟ್’ ಬೇಕೇ ಬೇಕು ಅಂದರೆ ‘ರಿವೀಲ್ಡ್ ದಟ್’ ಅನ್ನಿ. ಭೂತಕಾಲಕ್ಕೆ ‘ಸ್ಪಿಲ್ಡ್’ ಸಾಕು. ಬ್ರಿಟಿಷ್ ಬಳಕೆಯಲ್ಲಿ ‘ಸ್ಪಿಲ್ಟ್’ ಕೂಡ ಉಂಟು.

ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆಯಲ್ಲಿ, ಕೆಲಸ ಮಾಡುವವರು ಸ್ವಲ್ಪ ಹುಷಾರು. ಇಂಗ್ಲಿಷಿನಲ್ಲಿ ಕಾಫಿ ಬೀಜವೂ ‘ಬೀನ್ಸ್’ ತಾನೇ. 50 ಕೆ.ಜಿ. ಮೂಟೆ ಹರಿದು ನೆಲದ ತುಂಬ ಬೀಜ ಬಿದ್ದಾಗ ಹೊರಗಿನಿಂದ ಬಂದ ಖರೀದಿದಾರರ ಎದುರು ‘ಹೂ ಸ್ಪಿಲ್ಡ್ ದ ಬೀನ್ಸ್?’ ಅಂದರೆ, ಅವರು ನಗಬೇಕೋ ರೇಟಿನ ಗುಟ್ಟು ಹೊರಬಿತ್ತು ಅಂದುಕೊಳ್ಳಬೇಕೋ ತಿಳಿಯದೆ ನಿಲ್ಲುತ್ತಾರೆ. ‘ದ ಬ್ಯಾಗ್ ಟೋರ್ ಅಂಡ್ ದ ಕಾಫಿ ಸ್ಪಿಲ್ಡ್’ ಅಂದರೆ ಮುಗಿಯಿತು.

ಇದು ಆಡುಮಾತು. ಸ್ನೇಹಿತರನ್ನು ‘ಕಮ್ ಆನ್, ಸ್ಪಿಲ್ ದ ಬೀನ್ಸ್!’ ಅಂತ ಪೀಡಿಸಬಹುದು, ಪತ್ರಿಕೆಯ ಶೀರ್ಷಿಕೆಗೂ ಒಗ್ಗುತ್ತದೆ. ಅರ್ಜಿ, ದೂರು, ಕಚೇರಿ ಪತ್ರಗಳಲ್ಲಿ ‘ಡಿಸ್‌ಕ್ಲೋಸ್ಡ್’ ಬರೆಯಿರಿ.

ಪ್ರಾಚೀನ ಗ್ರೀಸಿನಲ್ಲಿ ಕಾಳು ಹಾಕಿ ಮತ ಚಲಾಯಿಸುತ್ತಿದ್ದ ಕಥೆಯನ್ನು ಇದರ ಮೂಲ ಅಂತ ಪಾಠ ಹೇಳುವುದುಂಟು. ನಂಬಬೇಡಿ. ಈ ಅರ್ಥದ ಬಳಕೆ 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು.

ಕಾಲೇಜು ಹುಡುಗರ ‘ಸ್ಪಿಲ್ ದ ಟೀ’ ಬೇರೆ: ಅದು ಬಿಸಿಬಿಸಿ ಹರಟೆ ಸುದ್ದಿ ಹೇಳು ಅನ್ನುವುದಕ್ಕೆ. ಚಿಕ್ಕಮಗಳೂರಿನವರಿಗೆ ಬೇಸರವಾದರೂ ಸರಿ, ಅಲ್ಲಿ ‘ಟೀ’ ಜಾಗಕ್ಕೆ ‘ಕಾಫಿ’ ಹಾಕುವ ಹಾಗಿಲ್ಲ.