ಕಟ್ಟೋದು, ಬಿಚ್ಚೋದು: ನಾನು ಸ್ಥಾನಬೆಲೆ ಕಲಿಸುವ ರೀತಿ

ನಾನು ಒಂದು, ಎರಡನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. 24ರಲ್ಲಿ ಹತ್ತರ ಸ್ಥಾನದಲ್ಲಿ ಏನಿದೆ ಅಂದರೆ ಎಲ್ಲರೂ 'ಎರಡು' ಅನ್ನುತ್ತಾರೆ. ಆ ಉತ್ತರ ನನಗೆ ಸಾಲದು. 24 ಕಡ್ಡಿ ಮುಂದಿಟ್ಟು, ಬರೆದ 2ರ ಮೇಲೆ ಬೆರಳಿಟ್ಟು, 'ಇದು ಎಷ್ಟು ಕಡ್ಡಿ, ತೋರಿಸು' ಅನ್ನುತ್ತೇನೆ. ತುಂಬಾ ಮಕ್ಕಳು ಎರಡೇ ಕಡ್ಡಿ ಎತ್ತುತ್ತಾರೆ. 4ಕ್ಕೆ ನಾಲ್ಕು. ಮಿಕ್ಕ ಹದಿನೆಂಟು ಯಾವುದರ ಲೆಕ್ಕ ಅಂದರೆ ಸುಮ್ಮನಾಗುತ್ತಾರೆ. ನನ್ನ ಪಾಠ ಶುರುವಾಗುವುದೇ ಅಲ್ಲಿಂದ.

ಮೊದಲೇ ಕಟ್ಟಿಟ್ಟ ಕಟ್ಟುಗಳನ್ನು ನಾನು ಕೊಡುವುದಿಲ್ಲ. ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುವ ಕೆಲಸ ಮಕ್ಕಳದೇ. ಆಮೇಲೂ ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ ಇಟ್ಟರೆ 'ಏಳು, ಮಿಸ್' ಅನ್ನುವವರು ಇರುತ್ತಾರೆ. ನಾನು ತಿದ್ದುವುದಿಲ್ಲ. 'ಬಿಚ್ಚಿ ಎಣಿಸು' ಅನ್ನುತ್ತೇನೆ. ಎಣಿಸಿದರೆ ಮೂವತ್ತನಾಲ್ಕು! ಮತ್ತೆ ಕಟ್ಟುತ್ತಾರೆ. ಹೀಗೆ ಮಾಡುತ್ತಾ ಮಾಡುತ್ತಾ ಒಂದು ದಿನ 'ಹತ್ತು, ಇಪ್ಪತ್ತು, ಮೂವತ್ತು' ಅಂತ ಹೋಗಿ, ಬಿಡಿ ಕಡ್ಡಿ ಬಂದಾಗ ತಾವಾಗಿಯೇ 'ಮೂವತ್ತೊಂದು' ಅನ್ನುತ್ತಾರೆ. ಹತ್ತರ ಎಣಿಕೆಯಿಂದ ಒಂದರ ಎಣಿಕೆಗೆ ಇಳಿಯುವ ಆ ಜಾಗವೇ ಕಷ್ಟದ್ದು. ಅದಕ್ಕೆ ಎಷ್ಟು ಸಮಯ ಬೇಕಾದರೂ ಕೊಡುತ್ತೇನೆ.

ಕಳೆಯುವಾಗ ಇದರ ಫಲ ಕಾಣುತ್ತದೆ. 34ರಿಂದ 8 ತೆಗೆಯಬೇಕು, ಬಿಡಿ ಇರುವುದು ನಾಲ್ಕೇ. ಮಗು ಒಂದು ಕಟ್ಟು ಬಿಚ್ಚುತ್ತದೆ. ಈಗ ಎರಡು ಕಟ್ಟು, ಹದಿನಾಲ್ಕು ಬಿಡಿ. 'ಈಗಲೂ ಮೂವತ್ತನಾಲ್ಕೇನಾ?' ಅಂತ ಕೇಳದೆ ನಾನು ಮುಂದೆ ಹೋಗುವುದಿಲ್ಲ. ಎಷ್ಟೋ ಮಕ್ಕಳಿಗೆ ಅನುಮಾನ, ಮತ್ತೆ ಎಣಿಸುತ್ತಾರೆ. ಎಣಿಸಲಿ. ಇದು ಗಟ್ಟಿಯಾದರೆ ದಶಕ ತೆಗೆದುಕೊಳ್ಳುವುದು, ಅಂದರೆ ಹತ್ತರ ಸ್ಥಾನದಿಂದ ಒಂದು ಹತ್ತನ್ನು ಬಿಡಿಗೆ ತರುವುದು, ಬಾಯಿಪಾಠ ಆಗುವುದಿಲ್ಲ, ಅಲ್ವಾ?

ಮಣಿಚೌಕಟ್ಟು, ಅಂದರೆ ತಂತಿಗಳಲ್ಲಿ ಮಣಿ ಪೋಣಿಸಿದ ಅಬ್ಯಾಕಸ್, ಆಮೇಲೆ. ಅದರಲ್ಲಿ ಹತ್ತರ ಮಣಿಯೂ ಒಂದರ ಮಣಿಯೂ ಒಂದೇ ಗಾತ್ರ. ಕಟ್ಟಿನ ಒಳಗೆ ಹತ್ತು ಕಡ್ಡಿ ಕಣ್ಣಿಗೆ ಕಾಣುತ್ತವೆ, ಮಣಿಯಲ್ಲಿ ಕಾಣುವುದಿಲ್ಲ.

ನೂರು ದಾಟಿದ ಮೇಲೆ ಇನ್ನೊಂದು ತೊಡಕು. ನೂರ ಐದು ಅಂದರೆ 1005 ಬರೆಯುತ್ತಾರೆ. ಕೇಳಿಸಿದ್ದನ್ನೇ ಬರೆದಿದ್ದಾರೆ, ಅದರಲ್ಲಿ ತರ್ಕ ಇದೆ. ಇದಕ್ಕೆ ನಾನು ರಟ್ಟಿನ ಕಾರ್ಡ್ ಬಳಸುತ್ತೇನೆ. 100ರ ಕಾರ್ಡ್ ಉದ್ದ, 5ರದ್ದು ಒಂದೇ ಅಂಕಿಯ ಅಗಲ. ಬಲ ಅಂಚು ಸರಿಹೊಂದಿಸಿ 5ನ್ನು ಮೇಲಿಟ್ಟರೆ ಕೊನೆಯ ಸೊನ್ನೆ ಮುಚ್ಚಿ 105 ಆಗುತ್ತದೆ. 5ನ್ನು ತೆಗೆದು 50ರ ಕಾರ್ಡ್ ಇಟ್ಟರೆ 150. ಎರಡನ್ನೂ ಕಡ್ಡಿಯಲ್ಲಿ ಜೋಡಿಸಿ, ಯಾವುದು ಜಾಸ್ತಿ ಅಂತ ಅವರೇ ಹೇಳಬೇಕು.