ಸುಣ್ಣ ಇಳಿಸಿದ ಮೇಲೆ ಮರಿಗಳ ಕಾಲು ನಿಂತವು

ಹುಮನಾಬಾದ್ ಕಡೆ ಸ್ವಂತ ಫೀಡ್ ಕಲಸಿ ಬ್ರಾಯ್ಲರ್ ಸಾಕೋರು ಕಮ್ಮಿ. ನಾನು ಸಾಕ್ತೀನಿ. ಹತ್ತು-ಹನ್ನೆರಡು ದಿನದ ಮರಿ ಕಾಲು ಬಿಟ್ಟು ಕೂತರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಎಲ್‌ಎಸ್‌ಪಿ (ಫೀಡಿಗೆ ಹಾಕೋ ಸುಣ್ಣದಕಲ್ಲಿನ ಪುಡಿ) ಏರಿಸು. ನಾನು ಇಳಿಸಿದೆ. "ತಮ್ಮಾ, ಸುಣ್ಣ ತೆಗದ್ರ ಎಲುಬು ಗಾಳಿಲಿಂದ ಆಗ್ತದೇನು?" ಅಂದಿದ್ದರು ಫೀಡ್ ಅಂಗಡಿ ಕಾಕಾ. ಈಗ ಅವರೇ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸ್ತಾರೆ.

ಅಲ್ಲಿಗೆ ಬರೋದರೊಳಗೆ ದುಡ್ಡು ಬಹಳ ಹೋಯಿತು. ಮೂರು ಸಾವಿರ ಮರಿಯ ಬ್ಯಾಚಿನಲ್ಲಿ ನೂರೈವತ್ತರ ಹತ್ತಿರ ಕುಂಟು. ಕುಂಟುಮರಿ ಫೀಡರ್‌ವರೆಗೆ ಹೋಗಲ್ಲ, ತೂಕ ಬರಲ್ಲ, ವ್ಯಾಪಾರಿ ಗಾಡಿಗೆ ಹಾಕ್ಕೊಳ್ಳಲ್ಲ. ಮರಿ, ಫೀಡು ಸೇರಿ ಇಪ್ಪತ್ತು ಸಾವಿರದ ಮೇಲೆ ಮುಳುಗಿತು. ಮುಂದಿನ ಬ್ಯಾಚಿಗೆ ಎಲ್ಲರ ಮಾತಿನಂತೆ ಎಲ್‌ಎಸ್‌ಪಿ ಟನ್ನಿಗೆ 18 ಕೆಜಿ ಮಾಡಿ, ನೀರಿಗೆ ವಿಟಮಿನ್ ಡಿ3 ಕೊಟ್ಟರೆ ಕುಂಟು ಮತ್ತಷ್ಟು ಹೆಚ್ಚಿತು. ಬೋರ್ ನೀರು ಗಡಸು ಅಂದರು. ಲೀಟರಿಗೆ ನೂರು ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಒಂದು ಕೆಜಿ ಫೀಡಿನಲ್ಲಿ ಒಂಬತ್ತು ಸಾವಿರ ಇರ್ತದೆ. ನೀರಿನ ಮಾತು ಅಲ್ಲಿಗೇ ಬಿಟ್ಟೆ.

ಸತ್ತ ಮರಿಯ ಕಾಲೆಲುಬು ಕಟ್ ಅಂತ ಮುರಿಯಬೇಕು. ಇವು ಬೆರಳಲ್ಲಿ ಬಾಗುತ್ತಿದ್ದವು, ಮುರೀತಿರಲಿಲ್ಲ. ಕೊಕ್ಕೂ ಮೆತ್ತಗೆ. ಎಲುಬಿಗೆ ಸುಣ್ಣದ ಜೊತೆ ರಂಜಕವೂ ಬೇಕು. ಅದಕ್ಕೆ ಹಾಕೋ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಮೇಲೆ ಅನುಮಾನ ಬಂತು. ಒಂದು ಚಮಚ ಗಾಜಿನ ಲೋಟಕ್ಕೆ ಹಾಕಿ, ಬಚ್ಚಲು ತೊಳೆಯೋ ಆಸಿಡ್ ನಾಲ್ಕು ಹನಿ ಬಿಟ್ಟೆ. ಬುರುಬುರು ನೊರೆ ಎದ್ದು ಲೋಟದ ಅಂಚಿಗೆ ಬಂತು. ಅಸಲಿ ಡಿಸಿಪಿ ಹಾಗೆ ಉಕ್ಕಲ್ಲ, ಸುಣ್ಣದಕಲ್ಲು ಉಕ್ಕುತ್ತದೆ. ಅಂದರೆ ರಂಜಕದ ರೇಟು ತಗೊಂಡು ಸುಣ್ಣ ಮಾರಿದ್ದರು. ಮೆಕ್ಕೆಜೋಳ, ಸೋಯಾದ ರಂಜಕದಲ್ಲಿ ಮೂರರಲ್ಲಿ ಎರಡು ಪಾಲು ಫೈಟೇಟ್, ಮರಿಗೆ ಸುಲಭಕ್ಕೆ ದಕ್ಕದ ರೂಪ. ಸುಣ್ಣ ಹೆಚ್ಚಾದಷ್ಟೂ ಅದು ಬಿಗಿಯಾಗ್ತದೆ, ಅದನ್ನು ಒಡೆಯೋ ಕಿಣ್ವ ಫೈಟೇಸ್ ಹಾಕಿದರೂ ಪೂರ್ತಿ ಬಿಡಲ್ಲ.

ಈಗಿನ ಸ್ಟಾರ್ಟರಿಗೆ (ಎಳೆ ಮರಿಯ ಫೀಡು) ಟನ್ನಿಗೆ ಡಿಸಿಪಿ 13 ಕೆಜಿ ಆಸುಪಾಸು, ಎಲ್‌ಎಸ್‌ಪಿ 11, ಫೈಟೇಸ್ ಗ್ರಾಂಗೆ 5000 ಯೂನಿಟ್ಟಿನದು 100 ಗ್ರಾಂ. ಕ್ಯಾಲ್ಸಿಯಂ ಶೇ. 0.85, ಮರಿಗೆ ದಕ್ಕೋ ರಂಜಕ ಶೇ. 0.45ರ ಹತ್ತಿರ ಬರ್ತದೆ. ಎಲ್‌ಎಸ್‌ಪಿ ನುಣ್ಣನೆಯದು ಬೇಡ, ರವೆ ಗಾತ್ರದ್ದು ತರ್ತೀನಿ. ಅದು ನಿಧಾನಕ್ಕೆ ಕರಗ್ತದೆ. ನೂರು ಗ್ರಾಂ ಫೈಟೇಸ್ ಇಡೀ ಟನ್ನಿಗೆ ಸಮ ಹರಡಲು ಮೊದಲು ಯಾವುದರಲ್ಲಿ ಕಲಸ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ. ಚೊಕ್ಕ ಡಿಸಿಪಿ ಕೆಜಿಗೆ ಹತ್ತು ರೂಪಾಯಿ ದುಬಾರಿ, ಆದರೆ ಈಗ ಕುಂಟು ಮೂರು ಸಾವಿರಕ್ಕೆ ಇಪ್ಪತ್ತು ದಾಟಲ್ಲ, ಎಫ್‌ಸಿಆರ್ (ಒಂದು ಕೆಜಿ ತೂಕಕ್ಕೆ ತಿನ್ನೋ ಫೀಡು) 1.65ಕ್ಕೆ ಬಂದಿದೆ. ನಮ್ಮ ಸುತ್ತ ಇಷ್ಟು ತಂದವರು ನನಗೆ ಗೊತ್ತಿಲ್ಲ.

ನಡುವೆ ಶಹಾಬಾದ್ ಕಲ್ಲಿನ ಪಾಲಿಶ್ ಪುಡಿ ಪುಕ್ಕಟೆ ಸಿಗ್ತದೆ ಅಂತ ನೂರು ಮರಿಗೆ ಬೇರೆ ಮಾಡಿ ಹಾಕಿ ನೋಡಿದೆ. ಲಿಟರ್ (ನೆಲದ ಹಾಸು) ಒದ್ದೆ, ತೂಕ ಕಮ್ಮಿ. ಆ ಕಲ್ಲಿನಲ್ಲಿ ಸಿಲಿಕಾ ಇರ್ತದೆ. ಬೇಕರಿಯ ಮೊಟ್ಟೆಸಿಪ್ಪೆ ಕುದಿಸಿ, ಒಣಗಿಸಿ ಪುಡಿ ಮಾಡಿದ್ದು ಚೆನ್ನಾಗಿ ನಡೀತು. ಆದರೆ ಸಿಪ್ಪೆ ಕೂಡಿಸೋ ಆಳಿನ ಕೂಲಿಯೇ ಎಲ್‌ಎಸ್‌ಪಿ ರೇಟು ಮೀರಿತು.

ಕೀಲಿನ ಹಿಂದಿನ ಸ್ನಾಯುರಜ್ಜು ಜಾರಿ ಕಾಲು ಪಕ್ಕಕ್ಕೆ ತಿರುಗಿದ ಮರಿ ಇದರಲ್ಲಿ ಸೇರಲ್ಲ. ಅದರ ಎಲುಬು ಗಟ್ಟಿಯೇ ಇರ್ತದೆ. ಅಲ್ಲಿ ಮೊದಲು ಮ್ಯಾಂಗನೀಸ್ ನೋಡಬೇಕು. ಅಂಥ ಮರಿಗೆ ಸುಣ್ಣ, ಡಿಸಿಪಿ ಏರಿಸಿದರೆ ಮ್ಯಾಂಗನೀಸ್ ಹೀರೋದು ಇನ್ನೂ ಕುಗ್ಗುತ್ತದೆ.