ಸೀಟು ಏರಿಸಿದೆ, ಮೊಣಕಾಲು ನೋವು ಇಳಿಯಿತು

ಹುಬ್ಬಳ್ಳಿಯಿಂದ ಗದಗಕ್ಕೆ ಸೈಕಲ್ ಮೇಲೆ ಹೊರಟರೆ ಅಣ್ಣಿಗೇರಿ ದಾಟುವ ಹೊತ್ತಿಗೆ ಬಲ ಮೊಣಕಾಲಿನ ಚಿಪ್ಪಿನ ಮುಂದೆ ಚುಚ್ಚೋದು ಶುರುವಾಗುತ್ತಿತ್ತು. ಎರಡು ತಿಂಗಳು ಎಣ್ಣೆ ತಿಕ್ಕಿದೆ, ನೀ ಕ್ಯಾಪ್ ಹಾಕಿದೆ. ಸುಮ್ನೆ ದುಡ್ಡು ದಂಡ. ತಪ್ಪು ಇದ್ದದ್ದು ಸೀಟಿನಲ್ಲಿ. ಸಿಗ್ನಲ್‌ನಲ್ಲಿ ಎರಡೂ ಕಾಲು ನೆಲಕ್ಕೆ ಮುಟ್ಟಲಿ ಅಂತ ತಗ್ಗಿಸಿ ಇಟ್ಟಿದ್ದೆ, ಹಾಗಾಗಿ ಪ್ರತಿ ಸುತ್ತಿಗೂ ಮೊಣಕಾಲು ಜಾಸ್ತಿ ಮಡಚಿ ಚಿಪ್ಪಿನ ಮೇಲೆ ಒತ್ತಡ ಬೀಳುತ್ತಿತ್ತು.

ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟು ನೋಡಿದೆ. ಆಗ ಕಾಲು ನೆಟ್ಟಗಾಗಬೇಕು. ನನ್ನದು ಚೆನ್ನಾಗಿಯೇ ಬಾಗಿತ್ತು! ಸ್ವಲ್ಪ ಸ್ವಲ್ಪವೇ ಒಟ್ಟು 3 ಸೆಂ.ಮೀ. ಏರಿಸಿದೆ. ತೀರಾ ಎತ್ತರ ಮಾಡಬೇಡಿ ಮತ್ತೆ, ಮೊಣಕಾಲಿನ ಹಿಂಭಾಗ ಹಿಡಿದುಕೊಳ್ಳುತ್ತದೆ. ಬಾವು ಬಂದಿದ್ದರೆ ಮಾತ್ರ ಈ ಪ್ರಯೋಗ ಬಿಟ್ಟು ಡಾಕ್ಟರಿಗೆ ತೋರಿಸಿ.

ಇನ್ನೊಂದು ನನ್ನ ಹಟ. ಎದುರುಗಾಳಿಯಲ್ಲೂ ಭಾರದ ಗೇರ್‌ನಲ್ಲೇ ತುಳಿಯೋದು ದೊಡ್ಡಸ್ತಿಕೆ ಅಂದುಕೊಂಡಿದ್ದೆ, ನಗಬೇಡಿ. ಈಗ ಹಗುರ ಗೇರ್, ನಿಮಿಷಕ್ಕೆ 80ರಿಂದ 90 ಸುತ್ತು. ಮೂರು ವಾರ ಧಾರವಾಡದ 20 ಕಿ.ಮೀ. ಅಷ್ಟೇ. ಹೋದ ಭಾನುವಾರ ಗದಗ ಮುಟ್ಟಿ ಮಿರ್ಚಿ ತಿಂದೆ. ಮೊಣಕಾಲು ಸುಮ್ಮನಿತ್ತು, ಕುಂಡಿಯದೇ ಈಗ ತಕರಾರು.